ಬಂದರಿನಲ್ಲಿ ಅಪಘಾತ ಆಯಿತು, ಮುಂದೇನು? ಮೇಸ್ತ್ರಿಗಳಿಗೂ ಸೂಪರ್‌ವೈಸರ್‌ಗಳಿಗೂ ಒಂದು ಮಾರ್ಗದರ್ಶಿ

ಬಂದರಿನಲ್ಲಿ ಯಾರಿಗಾದರೂ ಪೆಟ್ಟಾದರೆ ಮಾರನೆಯ ದಿನ ಏನಾಗುತ್ತದೆ ಅಂತ ಅಲ್ಲಿ ಕೆಲಸ ಮಾಡುವ ಎಲ್ಲರಿಗೂ ಗೊತ್ತು. ಒಂದು ಮೀಟಿಂಗ್. 'ಎಲ್ಲರೂ ಜಾಗ್ರತೆಯಿಂದ ಕೆಲಸ ಮಾಡಿ' ಅನ್ನುವ ಮಾತು. ಎರಡು ದಿನ ಗೇಟಿನಲ್ಲಿ ಹೆಲ್ಮೆಟ್ ಚೆಕಿಂಗ್ ಬಿಗಿ. ವರದಿಯಲ್ಲಿ 'ಕಾರಣ: ಕಾರ್ಮಿಕನ ಅಜಾಗರೂಕತೆ' ಅಂತ ಒಂದು ಸಾಲು. ಅಲ್ಲಿಗೆ ಮುಗಿಯಿತು. ಸ್ವಲ್ಪ ದಿನ ಬಿಟ್ಟು ಅದೇ ಥರದ ಪೆಟ್ಟು, ಬೇರೆ ಗ್ಯಾಂಗಿನವನಿಗೆ.

ಆ ಒಂದು ಸಾಲಿಗಿಂತ ಸ್ವಲ್ಪ ಮುಂದೆ ಹೋಗಬೇಕು ಅನ್ನುವವರಿಗಾಗಿ ಈ ಬರಹ. ದೊಡ್ಡ ಕಂಪನಿಗಳಲ್ಲಿ ಇದಕ್ಕೆಂದೇ ಸೇಫ್ಟಿ ವಿಭಾಗ ಇರುತ್ತದೆ, ಅವರ ಪಾಡು ಅವರು ನೋಡಿಕೊಳ್ಳುತ್ತಾರೆ. ನನ್ನ ಮನಸ್ಸಿನಲ್ಲಿರುವವರು ಬೇರೆ. ನಲವತ್ತು ಐವತ್ತು ಜನರಿಂದ ಕೆಲಸ ಮಾಡಿಸುವ ಕಾಂಟ್ರಾಕ್ಟರು, ಗ್ಯಾಂಗ್ ಮೇಸ್ತ್ರಿ, ರಾತ್ರಿ ಶಿಫ್ಟಿನ ಸೂಪರ್‌ವೈಸರ್, ಯೂನಿಯನ್ನಿನವರು. ಕೆಲಸ ಪಣಂಬೂರಿನ ನವ ಮಂಗಳೂರು ಬಂದರಿನಲ್ಲಿರಲಿ, ಕಾರವಾರದಲ್ಲಿರಲಿ, ಕಂಟೇನರ್ ಯಾರ್ಡಿನಲ್ಲಿರಲಿ, ಬೋಟುಗಳು ಬಂದು ನಿಲ್ಲುವ ಮೀನಿನ ದಕ್ಕೆಯಲ್ಲಿರಲಿ, ದಾರಿ ಒಂದೇ.

ಒಂದು ಸನ್ನಿವೇಶ ಇಟ್ಟುಕೊಂಡು ಹೋಗೋಣ. ಇದು ಕಲ್ಪನೆಯದು, ಆದರೆ ಮರದ ದಿಮ್ಮಿ ಇಳಿಸುವ ಯಾವ ಬಂದರಿನಲ್ಲೂ ಆಗಬಹುದಾದದ್ದು. ಜುಲೈ ತಿಂಗಳು, ಮಳೆ, ರಾತ್ರಿ ಎರಡೂವರೆ. ಹಡಗಿನಿಂದ ಟ್ರೈಲರ್‌ಗೆ ದಿಮ್ಮಿ ಇಳಿಯುತ್ತಿದೆ. ಒಂದು ಸ್ಲಿಂಗಿನಲ್ಲಿ, ಅಂದರೆ ಸರಕಿಗೆ ಸುತ್ತಿ ಕ್ರೇನ್ ಹುಕ್ಕಿಗೆ ಸಿಕ್ಕಿಸುವ ಹಗ್ಗದಲ್ಲಿ, ಐದು ದಿಮ್ಮಿ. ಕೆಳಗೆ ಬರುವಾಗ ಒಂದು ದಿಮ್ಮಿ ಕಟ್ಟಿನಿಂದ ಜಾರಿ, ಟ್ರೈಲರ್ ಮೇಲೆ ನಿಂತಿದ್ದ ಹುಡುಗನ ಪಾದದ ಮೇಲೆ ಬಿತ್ತು. ಪಾದ ನಜ್ಜುಗುಜ್ಜು. 'ಲೋಡ್ ಕೆಳಗೆ ಹೋಗಬೇಡ ಅಂತ ಎಷ್ಟು ಸಲ ಹೇಳಿದ್ದೇವೆ' ಅಂತ ಎಲ್ಲರೂ ಅಂದರು.

1. ಮೊದಲ ಹತ್ತು ನಿಮಿಷ: ಎರಡನೆಯವನು ಬೀಳದಂತೆ ನೋಡಿ

ಕೆಲಸ ನಿಲ್ಲಿಸಿ. ಮೇಲೆ ತೂಗುತ್ತಿರುವ ಲೋಡ್ ಇದ್ದರೆ ಜನ ಇಲ್ಲದ ಕಡೆ ಇಳಿಸಿ. ಪ್ರಥಮ ಚಿಕಿತ್ಸೆ, ಆಂಬುಲೆನ್ಸ್, ಜೊತೆಗೆ ಹೋಗಲು ಅವನ ಭಾಷೆ ಬರುವ ಒಬ್ಬ. ಇಷ್ಟನ್ನು ಹೆಚ್ಚಿನವರು ಚೆನ್ನಾಗಿಯೇ ಮಾಡುತ್ತಾರೆ.

ಎಡವುವುದು ಇನ್ನೊಂದು ಥರದ ಅಪಘಾತದಲ್ಲಿ. ಹಡಗಿನ ಹೋಲ್ಡಿನೊಳಗೆ (ಸರಕು ತುಂಬುವ ಹೊಟ್ಟೆ), ಹೋಲ್ಡಿಗೆ ಇಳಿಯುವ ಏಣಿಯ ಕೋಣೆಯಲ್ಲಿ, ಟ್ಯಾಂಕಿನಲ್ಲಿ, ಬೋಟಿನ ಮೀನಿನ ಸ್ಟೋರಿನಲ್ಲಿ ಒಬ್ಬ ಕುಸಿದು ಬಿದ್ದಿರುತ್ತಾನೆ. ಮೇಲಿಂದ ನೋಡಿದವನು ಹಿಂದೆ ಮುಂದೆ ನೋಡದೆ ಇಳಿಯುತ್ತಾನೆ. ಅವನೂ ಬೀಳುತ್ತಾನೆ. ಮೂರನೆಯವನೂ ಇಳಿಯುತ್ತಾನೆ. 2022ರ ಏಪ್ರಿಲ್‌ನಲ್ಲಿ ಬಜ್ಪೆಯ ಹತ್ತಿರ ಮೀನು ಸಂಸ್ಕರಣಾ ಘಟಕವೊಂದರ ತ್ಯಾಜ್ಯದ ಟ್ಯಾಂಕಿನಲ್ಲಿ ಆದದ್ದು ಇದೇ. ಒಬ್ಬನನ್ನು ಎತ್ತಲು ಹೋದವರೂ ಸೇರಿ ಐದು ಮಂದಿ ಸತ್ತರು. ಎಲ್ಲರೂ ಪಶ್ಚಿಮ ಬಂಗಾಳದಿಂದ ದುಡಿಯಲು ಬಂದ ಹುಡುಗರು.

ಮೀನು ಕೊಳೆತರೆ ವಿಷದ ಗಾಳಿ ಹುಟ್ಟುತ್ತದೆ ಅಂತ ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಆದರೆ ಮರ? ಕಲ್ಲಿದ್ದಲು? ತುಕ್ಕು? ಇವು ಮುಚ್ಚಿದ ಜಾಗದಲ್ಲಿರುವ ಆಮ್ಲಜನಕವನ್ನು ಸದ್ದಿಲ್ಲದೆ ತಿಂದು ಹಾಕುತ್ತವೆ. ವಾಸನೆ ಇಲ್ಲ, ಹೊಗೆ ಇಲ್ಲ, ಕೆಮ್ಮು ಬರುವುದಿಲ್ಲ. 2014ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಗೂಲ್ ಬಂದರಿನಲ್ಲಿ 'ಸುಂಟಿಸ್' ಅನ್ನುವ ಹಡಗು ಸೀಳಿದ ಮರ ಇಳಿಸುತ್ತಿತ್ತು. ಹೋಲ್ಡಿಗೆ ಇಳಿಯುವ ಏಣಿಯ ಕೋಣೆಯಲ್ಲಿ ಮೂವರು ಸಿಬ್ಬಂದಿ ಸತ್ತರು. ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ ಸುಮಾರು ಶೇ 21ರಷ್ಟು ಇರುತ್ತದೆ. ಆ ಏಣಿಯ ಬುಡದಲ್ಲಿ ಇದ್ದದ್ದು ಶೇ 5-6 ಮಾತ್ರ. ಅಂಥ ಕಡೆ ಎರಡು ಮೂರು ಉಸಿರಿಗೆ ಮನುಷ್ಯ ಕುಸಿಯುತ್ತಾನೆ. ಏಣಿ ಹತ್ತಿ ಹಿಂದೆ ಬರುವಷ್ಟು ಹೊತ್ತು ಸಿಗುವುದಿಲ್ಲ.

ದಿಮ್ಮಿಯ ಹಡಗಿನಲ್ಲಿ ದುಡಿಯುವ ಎಷ್ಟು ಗ್ಯಾಂಗುಗಳಿಗೆ ಇದು ಗೊತ್ತಿದೆ? ನಿಮ್ಮ ಗ್ಯಾಂಗಿನಲ್ಲಿ ಒಮ್ಮೆ ಕೇಳಿ ನೋಡಿ.

ಹಾಗಾಗಿ ಒಳಗೆ ಒಬ್ಬ ಬಿದ್ದದ್ದು ಕಂಡರೆ ಮೇಸ್ತ್ರಿಯ ಮೊದಲ ಕೆಲಸ ಹ್ಯಾಚಿನ, ಅಂದರೆ ಹೋಲ್ಡಿನ ಮೇಲಿನ ಬಾಗಿಲಿನ, ಬಾಯಿಗೆ ಅಡ್ಡ ನಿಲ್ಲುವುದು. ಬೈಗುಳ ಬಿದ್ದರೂ ಸರಿ. ಗಾಳಿ ಸಿಲಿಂಡರ್ ಬೆನ್ನಿಗೆ ಕಟ್ಟಿಕೊಂಡ, ತರಬೇತಿ ಆದವರು ಮಾತ್ರ ಇಳಿಯಬೇಕು. ಧೂಳಿನ ಮಾಸ್ಕ್, ಒದ್ದೆ ಟವೆಲ್ ಯಾವುದೂ ಆಮ್ಲಜನಕ ತಂದುಕೊಡುವುದಿಲ್ಲ. ಗ್ಯಾಸ್ ಮೀಟರ್ ಅನ್ನು ಮೊದಲು ಹಗ್ಗದಲ್ಲಿ ಕೆಳಗೆ ಬಿಟ್ಟು ಮೇಲೆ, ನಡುವೆ, ತಳದಲ್ಲಿ ನೋಡಬೇಕು. ಬಾಗಿಲ ಹತ್ತಿರ ಸರಿಯಾಗಿ ತೋರಿಸಿದ ಮೀಟರ್ ತಳದಲ್ಲಿ ಬೇರೆಯೇ ಹೇಳಬಹುದು.

2. ಸಾಕ್ಷಿ ಮಳೆಗೆ ತೊಳೆದುಹೋಗುವ ಮೊದಲು

ದಿಮ್ಮಿ ಬಿದ್ದ ಅರ್ಧ ಗಂಟೆಗೆ ಸ್ಥಳ ಹೇಗಿರುತ್ತದೆ ಗೊತ್ತಾ? ಟ್ರೈಲರ್ ಸರಿಸಿ ಆಗಿರುತ್ತದೆ. ಸ್ಲಿಂಗ್ ಬೇರೆ ಗ್ಯಾಂಗಿಗೆ ಹೋಗಿರುತ್ತದೆ. ರಕ್ತ ಬಿದ್ದಲ್ಲಿ ನೀರು ಹಾಕಿರುತ್ತಾರೆ. ಯಾರೂ ಬೇಕಂತ ಮಾಡಿದ್ದಲ್ಲ, ಹಡಗು ಕಾಯುತ್ತಿದೆ, ಲಾರಿಗಳ ಸಾಲು ಗೇಟಿನ ತನಕ ಇದೆ.

ಫೋನ್ ತೆಗೆಯಿರಿ. ಮೊದಲು ದೂರದಿಂದ, ಕ್ರೇನ್, ಹಡಗು, ಟ್ರೈಲರ್, ಲೈಟ್ ಕಂಬ ಎಲ್ಲ ಒಂದೇ ಚಿತ್ರದಲ್ಲಿ ಬರುವ ಹಾಗೆ. ಆಮೇಲೆ ಹತ್ತಿರದಿಂದ ಸ್ಲಿಂಗ್, ಅದನ್ನು ಸಿಕ್ಕಿಸುವ ಕೊಂಡಿ (ಶ್ಯಾಕಲ್), ಹುಕ್ಕಿನ ನಾಲಿಗೆ, ದಿಮ್ಮಿಯ ತೊಗಟೆ. ಅಳತೆ ತಿಳಿಯಲು ಪಕ್ಕದಲ್ಲಿ ಒಂದು ಪೆನ್ ಇಟ್ಟು ತೆಗೆಯಿರಿ. ಪೆಟ್ಟಾದವನ ಮುಖ ಬೇಡ, ಅದು ಐದೇ ನಿಮಿಷದಲ್ಲಿ ವಾಟ್ಸಾಪ್‌ನಲ್ಲಿ ಅವನ ಮನೆಗೆ ತಲುಪುತ್ತದೆ.

ಸಿಗ್ನಲ್‌ಮನ್ ನಿಂತಿದ್ದ ಜಾಗದಲ್ಲೇ ನೀವೂ ನಿಂತು ಅವನ ಕಣ್ಣಿನ ಎತ್ತರದಿಂದ ಒಂದು ಚಿತ್ರ ತೆಗೆಯಿರಿ. ಕ್ರೇನ್ ಕ್ಯಾಬಿನ್ನಿನ ಸೀಟಿನಿಂದ ಇನ್ನೊಂದು. ಇದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಆಪರೇಟರ್‌ಗೆ ಟ್ರೈಲರಿನ ಆ ಮೂಲೆ ಕಾಣುತ್ತಿತ್ತೋ ಇಲ್ಲವೋ ಅನ್ನುವ ವಾದ ಆ ಒಂದು ಚಿತ್ರದಲ್ಲೇ ಮುಗಿಯುತ್ತದೆ. ರಾತ್ರಿ ಆದದ್ದನ್ನು ಹಗಲು ನೋಡಿ ಪ್ರಯೋಜನ ಇಲ್ಲ, ಅದೇ ಹೊತ್ತಿಗೆ ಮತ್ತೆ ಹೋಗಿ.

ಆ ಸ್ಲಿಂಗನ್ನು ಗೋಣಿಯಲ್ಲಿ ಕಟ್ಟಿ, ಚೀಟಿ ಬರೆದು, ಬೀಗ ಹಾಕಿದ ಕೋಣೆಯಲ್ಲಿಡಿ. ಅದರ ಮೇಲಿನ ನಂಬರ್ ಮತ್ತು ತಾಳುವ ತೂಕ ಬರೆದುಕೊಳ್ಳಿ. ನಂಬರೇ ಇಲ್ಲವಾದರೆ ಅದನ್ನೂ ಬರೆಯಿರಿ, ಅದೂ ಒಂದು ಉತ್ತರವೇ. ಸಿಸಿಟಿವಿಯವರಿಗೆ ಅದೇ ದಿನ ಚೀಟಿ ಕೊಡಿ. ಹಳೆಯ ದೃಶ್ಯದ ಮೇಲೆ ಹೊಸದು ತುಂಬಿಕೊಳ್ಳುತ್ತಾ ಹೋಗುವುದರಿಂದ ಸ್ವಲ್ಪ ದಿನ ಕಳೆದರೆ ಅದು ಸಿಗುವುದಿಲ್ಲ. ಹೊಸ ಕ್ರೇನ್‌ಗಳಲ್ಲಿ ತೂಕ, ಗಾಳಿಯ ವೇಗ ದಾಖಲಾಗುತ್ತವೆ, ಅದನ್ನೂ ಕೇಳಿ.

3. ಜನರನ್ನು ಮಾತಾಡಿಸುವುದು

ಈ ಹಂತದಲ್ಲಿ ಇಡೀ ಕೆಲಸ ಕೆಡುವುದೇ ಜಾಸ್ತಿ. ಆಫೀಸಿಗೆ ಕರೆಸಿ, ಮೇಜಿನ ಆಚೆ ಮೂರು ಜನ ಕೂತು, ಈಚೆ ಒಬ್ಬನನ್ನು ನಿಲ್ಲಿಸಿ 'ಹೇಗಾಯ್ತು ಹೇಳು' ಅಂದರೆ ಅವನು ಏನು ಹೇಳುತ್ತಾನೆ? 'ಗೊತ್ತಿಲ್ಲ ಸಾರ್, ಒಮ್ಮೆಲೇ ಬಿತ್ತು.' ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ. ನಾಳೆ ಕೆಲಸಕ್ಕೆ ಕರೆಯುತ್ತಾರೋ ಇಲ್ಲವೋ ಅನ್ನುವ ಚಿಂತೆ ಅವನದು.

ಒಬ್ಬೊಬ್ಬರನ್ನೇ ಮಾತಾಡಿಸಿ. ಟೀ ಅಂಗಡಿಯ ಹತ್ತಿರ ಆದರೂ ಆದೀತು. ಮೊದಲೇ ಹೇಳಿಬಿಡಿ, ಇದು ಯಾರ ತಪ್ಪು ಅಂತ ಹುಡುಕಲಿಕ್ಕೆ ಅಲ್ಲ ಅಂತ. ಹೇಳಿದ ಮೇಲೆ ಆ ಮಾತಿಗೆ ನಿಲ್ಲಿ, ಒಮ್ಮೆ ತಪ್ಪಿದರೆ ಮುಂದಿನ ಸಲ ಯಾರೂ ಬಾಯಿ ಬಿಡುವುದಿಲ್ಲ.

ಮಾತು ಹೀಗೆ ಸಾಗಲಿ:

"ಅಣ್ಣ, ಆ ದಿನ ಶಿಫ್ಟ್ ಶುರುವಾದಲ್ಲಿಂದ ಹೇಳಿ. ಏನೇನು ಮಾಡಿದಿರಿ?"

"ಹತ್ತು ಗಂಟೆಗೆ ಬಂದೆವು ಸಾರ್. ಮಳೆ ಇತ್ತು. ಎರಡನೇ ಹ್ಯಾಚಿಗೆ ಹಾಕಿದರು."

"ಮಾಮೂಲಿ ನಿಮ್ಮದು ಅದೇ ಹ್ಯಾಚಾ?"

"ಅಲ್ಲ ಸಾರ್, ನಾಲ್ಕನೆಯದು. ಆ ದಿನ ಎರಡನೆಯದರಲ್ಲಿ ಜನ ಕಮ್ಮಿ ಇದ್ದರು."

"ದಿಮ್ಮಿಗೆ ಕೈ ಹಿಡಿಯೋದು ದಿನಾ ಮಾಡ್ತೀರಾ?"

"ಹಿಡೀಲೇಬೇಕಲ್ಲ ಸಾರ್. ಇಲ್ಲದಿದ್ರೆ ತಿರುಗಿಬಿಡ್ತದೆ. ಟ್ರೈಲರಿನ ಗೂಟಕ್ಕೆ ಹೊಡೀತದೆ."

ಆ ಕೊನೆಯ ಉತ್ತರವೇ ನಿಮಗೆ ಬೇಕಾದದ್ದು. 'ಲೋಡ್ ಹತ್ತಿರ ಯಾಕೆ ಹೋದೆ' ಅಂತ ಕೇಳಿದ್ದರೆ ಅದು ಬರುತ್ತಿರಲಿಲ್ಲ. 'ದಿನಾ ಹೇಗೆ ಮಾಡ್ತೀರಿ' ಅಂತ ಕೇಳಿದ್ದಕ್ಕೆ ಬಂತು. ಪುಸ್ತಕದಲ್ಲಿರುವ ಕೆಲಸದ ರೀತಿ ಒಂದು, ದಕ್ಕೆಯ ಮೇಲೆ ನಡೆಯುವ ರೀತಿ ಇನ್ನೊಂದು. ಅಪಘಾತ ಆದದ್ದು ಎರಡನೆಯದರಲ್ಲಿ.

ಭಾಷೆಯ ವಿಷಯ ಮರೆಯಬೇಡಿ. ಮಂಗಳೂರಿನ ಒಂದೇ ಗ್ಯಾಂಗಿನಲ್ಲಿ ತುಳು, ಬ್ಯಾರಿ, ಮಲಯಾಳಂ, ಹಿಂದಿ, ಒಡಿಯಾ ಎಲ್ಲ ಇರಬಹುದು. ಒಡಿಯಾ ಹುಡುಗನ ಹೇಳಿಕೆಯನ್ನು ಇಂಗ್ಲಿಷಿನಲ್ಲಿ ಬರೆದು ಹೆಬ್ಬೆಟ್ಟು ಒತ್ತಿಸಿದರೆ ಅದು ಅವನ ಹೇಳಿಕೆ ಆಗುವುದಿಲ್ಲ.

4. 'ಯಾಕೆ' ಅಂತ ಕೇಳುತ್ತಾ ಹೋಗಿ, ಮನುಷ್ಯನ ಹತ್ತಿರ ನಿಲ್ಲಬೇಡಿ

ಒಂದು ದೊಡ್ಡ ಹಾಳೆ ತೆಗೆದುಕೊಳ್ಳಿ. ಎಡಗಡೆ ಗಂಟೆ, ಬಲಗಡೆ ಆದದ್ದು. ಶಿಫ್ಟ್ ಶುರುವಿನಿಂದ ಬರೆಯಿರಿ. ಅಪಘಾತದ ಕ್ಷಣದಿಂದ ಬರೆಯಲು ಕೂತರೆ ಬಿದ್ದ ದಿಮ್ಮಿ, ನಿಂತ ಹುಡುಗ ಇಷ್ಟೇ ಕಾಣುತ್ತದೆ.

ನಮ್ಮ ಉದಾಹರಣೆಯಲ್ಲಿ ಹುಡುಗ ಅಲ್ಲಿ ಯಾಕೆ ನಿಂತಿದ್ದ? ದಿಮ್ಮಿ ತಿರುಗದಂತೆ ಕೈಯಲ್ಲಿ ಹಿಡಿಯಲು. ಯಾಕೆ ಕೈಯಲ್ಲಿ? ದೂರ ನಿಂತು ಎಳೆಯಲು ಲೋಡಿಗೆ ಕಟ್ಟುವ ಹಗ್ಗ ಇರಲಿಲ್ಲ. ಯಾಕೆ ಇರಲಿಲ್ಲ? ಹಗ್ಗ ಇದ್ದದ್ದು ನಾಲ್ಕನೇ ಹ್ಯಾಚಿನ ಪೆಟ್ಟಿಗೆಯಲ್ಲಿ, ಎರಡನೆಯದಕ್ಕೆ ಯಾರೂ ಕೊಟ್ಟಿರಲಿಲ್ಲ. ಸರಿ, ಒಂದು ಎಳೆ ಸಿಕ್ಕಿತು.

ಇನ್ನೊಂದು ಎಳೆ ಹಿಡಿಯಿರಿ. ದಿಮ್ಮಿ ಯಾಕೆ ಜಾರಿತು? ತೊಗಟೆ ಒದ್ದೆ. ಸರಿ, ಮಳೆ ನಮ್ಮ ಕೈಯಲ್ಲಿಲ್ಲ. ಬೇರೆ? ಸ್ಲಿಂಗ್ ಗಿಡ್ಡ ಇತ್ತು. ಉದ್ದದ ಸ್ಲಿಂಗುಗಳು ಪಕ್ಕದ ಬರ್ತಿಗೆ (ಇನ್ನೊಂದು ಹಡಗು ನಿಲ್ಲುವ ಜಾಗಕ್ಕೆ) ಹೋಗಿದ್ದವು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಗಿಡ್ಡ ಸ್ಲಿಂಗ್ ಹಾಕಿದರೆ ಅದರ ಎರಡು ಕಾಲುಗಳೂ, ಅಂದರೆ ಹುಕ್ಕಿನಿಂದ ಲೋಡಿಗೆ ಇಳಿಯುವ ಎರಡು ಬದಿಗಳೂ, ಅಗಲಕ್ಕೆ ಚಾಚುತ್ತವೆ. ಲೋಡ್ 2 ಟನ್ ಅಂತಿಟ್ಟುಕೊಳ್ಳಿ. ಎರಡು ಕಾಲಿನ ನಡುವಿನ ಕೋನ 60 ಡಿಗ್ರಿ ಇದ್ದರೆ ಒಂದೊಂದು ಕಾಲಿನ ಮೇಲೆ ಬೀಳುವ ಎಳೆತ ಸುಮಾರು 1.15 ಟನ್. ಕೋನ 90 ಆದರೆ ಸುಮಾರು 1.4 ಟನ್. 120 ಡಿಗ್ರಿಗೆ ಹೋದರೆ ಪೂರ್ತಿ 2 ಟನ್, ಅದೂ ಪ್ರತಿ ಕಾಲಿನ ಮೇಲೆ. ಲೋಡ್ ಅಷ್ಟೇ ಇದೆ, ಸ್ಲಿಂಗಿನ ಪಾಲಿಗೆ ಮಾತ್ರ ಹೊರೆ ಏರುತ್ತಾ ಹೋಗುತ್ತದೆ. ಮೇಲಾಗಿ ಅಗಲಕ್ಕೆ ಚಾಚಿದ ಸ್ಲಿಂಗ್ ಕಟ್ಟನ್ನು ಸುತ್ತ ಅಪ್ಪಿ ಹಿಡಿಯುವುದಿಲ್ಲ, ನಡುವಿನ ದಿಮ್ಮಿ ಸಡಿಲ ಉಳಿಯುತ್ತದೆ. ಜಾರಿದ್ದು ಆ ದಿಮ್ಮಿಯೇ.

ಉದ್ದದ ಸ್ಲಿಂಗ್ ಬರುವ ತನಕ ಕೆಲಸ ಯಾಕೆ ನಿಲ್ಲಿಸಲಿಲ್ಲ? ಟನ್ನಿಗೆ ಇಷ್ಟು ಅಂತ ಕೂಲಿ. ನಿಲ್ಲಿಸಿದರೆ ಗ್ಯಾಂಗಿಗೆ ನಷ್ಟ, ಮೇಸ್ತ್ರಿಗೆ ಮೇಲಿನಿಂದ ಫೋನ್. ನಿಲ್ಲಿಸುವ ಅಧಿಕಾರ ಮೇಸ್ತ್ರಿಗೆ ಇದೆ ಅಂತ ಕಾಗದದಲ್ಲಿ ಇರಬಹುದು, ನಿಲ್ಲಿಸಿದ ಮೇಲೆ ಆ ಅರ್ಧ ಗಂಟೆಯ ಕೂಲಿ ಯಾರು ಕೊಡುತ್ತಾರೆ ಅಂತ ಇಲ್ಲ.

ಈಗ ಹೇಳಿ, ಕಾರಣ 'ಕಾರ್ಮಿಕನ ಅಜಾಗರೂಕತೆ' ಒಂದೇನಾ?

ಹಡಗಿನ ಲೋಕದಲ್ಲಿ ಈ ಪಾಠ ಕಲಿಸಿದ ದುರಂತ 1987ರ ಮಾರ್ಚ್ 6ರದ್ದು. ಬೆಲ್ಜಿಯಂನ ಝೀಬ್ರೂಗ ಬಂದರಿನಿಂದ 'ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್' ಅನ್ನುವ ಫೆರಿ ಹೊರಟಿತು. ಮುಂದಿನ ಬಾಗಿಲು ತೆರೆದೇ ಇತ್ತು. ನೀರು ನುಗ್ಗಿ ನಿಮಿಷಗಳಲ್ಲಿ ಮಗುಚಿತು, 193 ಜನ ಸತ್ತರು. ಬಾಗಿಲು ಮುಚ್ಚಬೇಕಾದವನು ತನ್ನ ಕೋಣೆಯಲ್ಲಿ ನಿದ್ದೆ ಹೋಗಿದ್ದ. ಅಲ್ಲಿಗೇ ವರದಿ ಮುಗಿಸಬಹುದಿತ್ತು. ಆದರೆ ತನಿಖೆ ಮುಂದೆ ಹೋಯಿತು. ಬಾಗಿಲು ಮುಚ್ಚಿದೆಯೋ ಇಲ್ಲವೋ ಅಂತ ಕ್ಯಾಪ್ಟನ್‌ಗೆ ಕಾಣುತ್ತಿರಲಿಲ್ಲ. ಮೇಲೆ ಒಂದು ಸೂಚನಾ ದೀಪ ಹಾಕಿಸಿ ಅಂತ ಅದೇ ಕಂಪನಿಯ ಕ್ಯಾಪ್ಟನ್‌ಗಳು ಮೊದಲೇ ಕೇಳಿದ್ದರು, ಆಫೀಸಿನವರು ತಮಾಷೆ ಮಾಡಿ ತಳ್ಳಿಹಾಕಿದ್ದರು. ದುರಂತ ಆದ ಕೆಲವೇ ದಿನಗಳಲ್ಲಿ ಉಳಿದ ಹಡಗುಗಳಿಗೆ ಅದೇ ದೀಪ ಬಂತು. ಈ ದುರಂತದ ಬೆನ್ನಿಗೇ 1989ರಲ್ಲಿ ಬ್ರಿಟನ್ನಿನಲ್ಲಿ ಹಡಗು ಅಪಘಾತಗಳ ತನಿಖೆಗೇ ಮೀಸಲಾದ ಎಂಎಐಬಿ ಸಂಸ್ಥೆ ಹುಟ್ಟಿತು. ಅದರ ವರದಿಗಳಲ್ಲಿ ಶಿಕ್ಷೆಯ ಮಾತು ಇರುವುದಿಲ್ಲ. ಏನಾಯಿತು, ಯಾಕಾಯಿತು, ಏನು ಬದಲಾಗಬೇಕು, ಅಷ್ಟೇ.

5. ಏನನ್ನಾದರೂ ಬದಲಿಸಿ, ಮುಟ್ಟಿ ನೋಡುವಂಥದ್ದು

ಪರಿಹಾರ ಬರೆಯುವಾಗ ಎಲ್ಲರ ಕೈಯೂ ಮೊದಲು ಹೋಗುವುದು ಬೋರ್ಡ್, ತರಬೇತಿ, ಹೆಲ್ಮೆಟ್ ಕಡೆಗೆ. ಅಗ್ಗ, ಬೇಗ ಆಗುತ್ತದೆ, ಫೋಟೋ ತೆಗೆಯಬಹುದು. ಸಾಲನ್ನು ತಿರುಗಿಸಿ ಹಾಕಿ. ಮೊದಲ ಪ್ರಶ್ನೆ: ಆ ಜಾಗದಲ್ಲಿ ಮನುಷ್ಯ ಇರಲೇಬೇಕಾ? ಎರಡನೆಯದು: ಇರಲೇಬೇಕಾದರೆ ಯಾವ ಸಾಧನ ಅವನನ್ನು ಲೋಡಿನಿಂದ ದೂರ ಇಡುತ್ತದೆ? ನಿಯಮ, ತರಬೇತಿ ಅದರ ಮೇಲೆ. ಬೂಟು, ಹೆಲ್ಮೆಟ್ ಕೊನೆಗೆ. ಬೂಟು ಬೇಡ ಅಂತಲ್ಲ, ಐದು ದಿಮ್ಮಿಯಲ್ಲಿ ಒಂದು ಬಿದ್ದರೆ ಬೂಟು ಎಷ್ಟು ತಡೆದೀತು?

ನಮ್ಮ ಸನ್ನಿವೇಶಕ್ಕೆ ಹೀಗೆ ಬರೆಯಬಹುದು. ಪ್ರತಿ ಹ್ಯಾಚಿನ ಸಾಮಾನು ಪೆಟ್ಟಿಗೆಯಲ್ಲಿ ಎರಡು ಎಳೆಯುವ ಹಗ್ಗ, ಅದಿಲ್ಲದೆ ಮೊದಲ ಲೋಡ್ ಏಳುವುದಿಲ್ಲ. ದಿಮ್ಮಿಗೆ ಉದ್ದದ ಸ್ಲಿಂಗ್ ಬೇರೆ ಬಣ್ಣದ ಪಟ್ಟಿಯದು, ಬೇರೆ ಬರ್ತಿಗೆ ಕೊಡುವ ಹಾಗಿಲ್ಲ. ಮಳೆಯಲ್ಲಿ ಒಂದು ಕಟ್ಟಿಗೆ ಐದರ ಬದಲು ಮೂರು ದಿಮ್ಮಿ. ಮೂರೇ ಹಾಕಿದ ದಿನ ಕೂಲಿಯ ಲೆಕ್ಕ ಹೇಗೆ ಅನ್ನುವುದು ಅದೇ ಕಾಗದದಲ್ಲಿ. ಈ ಕೊನೆಯದನ್ನು ಬರೆಯದಿದ್ದರೆ ಮೊದಲಿನ ಮೂರೂ ಎರಡು ವಾರ ಕೂಡ ಬಾಳುವುದಿಲ್ಲ.

ಬಣ್ಣದ ಗೆರೆಯನ್ನು ಜಾಸ್ತಿ ನಂಬಬೇಡಿ. ಹಡಗು ಕಟ್ಟುವ ಹಗ್ಗ ತುಂಡಾದರೆ ಚಾಟಿಯಂತೆ ಹಿಂದಕ್ಕೆ ಬಂದು ಹೊಡೆಯುತ್ತದೆ. ಅದು ಬರುವ ಜಾಗವನ್ನು ಡೆಕ್ಕಿನ ಮೇಲೆ ಹಳದಿ ಗೆರೆ ಎಳೆದು ಗುರುತಿಸುವುದು ತುಂಬಾ ಕಾಲ ನಡೆದ ರೂಢಿ. 2015ರ ಮಾರ್ಚ್ 2ರಂದು ವೇಲ್ಸ್‌ನ ಮಿಲ್‌ಫರ್ಡ್ ಹೇವನ್‌ನಲ್ಲಿ 'ಝರ್ಗಾ' ಅನ್ನುವ ಗ್ಯಾಸ್ ಹಡಗಿನ ಹಗ್ಗ ತುಂಡಾಯಿತು. ತಾನು ನಿಂತದ್ದು ಸುರಕ್ಷಿತ ಜಾಗ ಅಂದುಕೊಂಡಿದ್ದ ಅಧಿಕಾರಿಯ ತಲೆಗೇ ಅದು ಬಂದು ಬಡಿಯಿತು. ಬದುಕಿದರು, ಆದರೆ ತೀವ್ರ ಗಾಯ. ಹಗ್ಗ ಯಾವ ದಿಕ್ಕಿಗೆ ಹಾರುತ್ತದೆ ಅಂತ ಗೆರೆ ಎಳೆದು ಹೇಳಲು ಆಗುವುದಿಲ್ಲ, ಹಗ್ಗ ಬಿಗಿಯಿರುವಾಗ ಇಡೀ ಡೆಕ್ಕೇ ಅಪಾಯ ಅಂತ ತಿಳಿಯಿರಿ ಅನ್ನುವುದು ಈಗಿನ ಸಲಹೆ. ಗೆರೆಯ ಈಚೆ ನಿಂತವನಿಗೆ ಗೆರೆಯೇ ಸುಳ್ಳು ಧೈರ್ಯ ಕೊಡುತ್ತದೆ.

ಕ್ರೇನ್ ಪರೀಕ್ಷೆಯದೂ ಇದೇ ಕಥೆ. 2020ರ ಆಗಸ್ಟ್ 1ರಂದು ವಿಶಾಖಪಟ್ಟಣದ ಹಿಂದೂಸ್ತಾನ್ ಶಿಪ್‌ಯಾರ್ಡಿನಲ್ಲಿ ಹೊಸ ಕ್ರೇನನ್ನು ಪರೀಕ್ಷಿಸುವಾಗ ಅದು ಕುಸಿದು 11 ಮಂದಿ ಸತ್ತರು. ತಾಳುತ್ತದೋ ಇಲ್ಲವೋ ಅಂತ ನೋಡಲಿಕ್ಕೇ ಅಲ್ವಾ ಪರೀಕ್ಷೆ? ಹಾಗಿದ್ದ ಮೇಲೆ ತಾಳದಿದ್ದರೆ ಯಾರ ಮೇಲೆ ಬೀಳುತ್ತದೆ ಅಂತ ಮೊದಲು ಲೆಕ್ಕ ಹಾಕಬೇಕು. ಪರೀಕ್ಷೆಯ ದಿನ ಕ್ರೇನಿನ ಸುತ್ತ ಕೆಲಸಕ್ಕೆ ಬೇಕಾದವರು ಮಾತ್ರ ಇರಬೇಕು, ಉಳಿದವರು ಗೇಟಿನಾಚೆ.

6. ಬೇರೆಯವರ ಅಪಘಾತ ಓದಿ

ನಿಮ್ಮ ಗ್ಯಾಂಗಿನಲ್ಲಿ ದೊಡ್ಡ ಅಪಘಾತ ಆಗುವುದು ಅಪರೂಪ, ಆಗಬಾರದು ಕೂಡ. ಹಾಗಾದರೆ ದೊಡ್ಡ ಪಾಠ ಎಲ್ಲಿಂದ ಕಲಿಯುವುದು? ಬೇರೆ ಬಂದರುಗಳಿಂದ. ತಿಂಗಳಿಗೆ ಒಂದು ಘಟನೆ ಆರಿಸಿ, ಒಂದೇ ಪ್ರಶ್ನೆ ಕೇಳಿ: ಇದೇ ಸರಕು, ಇದೇ ಕೆಲಸ ನಮ್ಮಲ್ಲಿದೆಯಾ?

ನಮ್ಮ ಬಾಗಿಲಲ್ಲೇ ಆದದ್ದೊಂದಿದೆ. 2009ರ ಜುಲೈ. ನವ ಮಂಗಳೂರು ಬಂದರಿನಿಂದ ಕಬ್ಬಿಣದ ಅದಿರಿನ ಪುಡಿ ತುಂಬಿಕೊಂಡು ಚೀನಾಕ್ಕೆ ಹೊರಟ 'ಏಷ್ಯನ್ ಫಾರೆಸ್ಟ್' ಹಡಗು ಮಂಗಳೂರಿನ ಸಮುದ್ರದಲ್ಲೇ ವಾಲಿ ಮುಳುಗಿತು. ಸಿಬ್ಬಂದಿಯನ್ನು ಕರಾವಳಿ ಕಾವಲು ಪಡೆಯವರು ಪಾರು ಮಾಡಿದರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಒಡಿಶಾದ ಪಾರಾದೀಪದ ಹತ್ತಿರ 'ಬ್ಲ್ಯಾಕ್ ರೋಸ್' ಮುಳುಗಿತು. ಅದರಲ್ಲೂ ಅದಿರಿನ ಪುಡಿಯೇ.

ಅದಿರು ಮುಳುಗಿಸುವುದು ಹೇಗೆ? ತೆರೆದ ಅಂಗಳದಲ್ಲಿ ಮಳೆಗೆ ನೆನೆದ ಪುಡಿ ಮುಟ್ಟಿದರೆ ಗಟ್ಟಿ, ಮೇಲೆ ಕಾಲಿಟ್ಟು ನಡೆಯಬಹುದು. ಹಡಗು ಅಲೆಗೆ ಕುಲುಕಿದಂತೆ ಕಣಗಳು ಒತ್ತಿಕೊಂಡು ನಡುವಿನ ನೀರಿಗೆ ಜಾಗ ಇಲ್ಲದಾಗುತ್ತದೆ. ಒಮ್ಮೆಲೇ ಇಡೀ ರಾಶಿ ರಾಡಿಯಾಗಿ ಒಂದು ಬದಿಗೆ ಹರಿಯುತ್ತದೆ. ವಾಲಿದ ಹಡಗು ಮತ್ತೆ ಏಳುವುದಿಲ್ಲ.

ಇದನ್ನು ದಕ್ಕೆಯಲ್ಲೇ ನೋಡಲು ಸುಲಭದ ಒಂದು ಪರೀಕ್ಷೆ ಇದೆ. ಒಂದು ಡಬ್ಬಿಯಲ್ಲಿ ಅರ್ಧದಷ್ಟು ಅದಿರು ತುಂಬಿ. ಸುಮಾರು 20 ಸೆಂಟಿಮೀಟರ್ ಎತ್ತರದಿಂದ ಗಟ್ಟಿ ನೆಲಕ್ಕೆ ಕುಟ್ಟಿ, ಒಂದೆರಡು ಸೆಕೆಂಡಿಗೆ ಒಂದರಂತೆ 25 ಸಲ. ಮೇಲೆ ನೀರು ಬಿಟ್ಟುಕೊಂಡರೆ ಅಥವಾ ರಾಡಿಯಾದರೆ ತುಂಬುವುದನ್ನು ನಿಲ್ಲಿಸಿ, ಲ್ಯಾಬ್ ಪರೀಕ್ಷೆ ಆಗಬೇಕು. ನೀರು ಬರಲಿಲ್ಲ ಅಂದಮಾತ್ರಕ್ಕೆ ಸರಕು ಸುರಕ್ಷಿತ ಅಂತ ಆಗಲಿಲ್ಲ, ಅದು ಲ್ಯಾಬ್ ಸರ್ಟಿಫಿಕೇಟಿನ ಬದಲಿ ಅಲ್ಲ. ತೇವಾಂಶ ಪರೀಕ್ಷೆ ಮತ್ತು ತುಂಬುವುದರ ನಡುವೆ ಏಳು ದಿನಕ್ಕಿಂತ ಜಾಸ್ತಿ ಅಂತರ ಇರಬಾರದು, ನಡುವೆ ಜೋರು ಮಳೆ ಬಂದರೆ ಪುನಃ ಪರೀಕ್ಷೆ. 2011ರ ಜನವರಿ 1ರಿಂದ ಕಡ್ಡಾಯವಾದ ಅಂತರರಾಷ್ಟ್ರೀಯ ನಿಯಮಾವಳಿಯಲ್ಲಿ ಇದೆಲ್ಲ ಇದೆ. ಜುಲೈಯಲ್ಲಿ ನಮ್ಮ ಕರಾವಳಿಯಲ್ಲಿ 'ಜೋರು ಮಳೆ ಬಂದರೆ' ಅನ್ನುವ ಮಾತಿಗೆ ನಗು ಬರುತ್ತದೆ, ಅದು ಬೇರೆ ವಿಷಯ.

ಎರಡನೆಯ ಕಂತೆ ಸರಕಿನ ಕಾಗದದ್ದು. ಒಳಗೆ ಏನಿದೆ ಅಂತ ಗೊತ್ತಿಲ್ಲದೆ ಬೆಂಕಿ ಆರಿಸಲು ಹೋಗಿ ಜೀವ ಕಳೆದುಕೊಂಡವರ ಪಟ್ಟಿ ದೊಡ್ಡದು. 1944ರ ಏಪ್ರಿಲ್ 14ರಂದು ಬೊಂಬಾಯಿಯ ವಿಕ್ಟೋರಿಯಾ ಡಾಕಿನಲ್ಲಿ 'ಫೋರ್ಟ್ ಸ್ಟಿಕೀನ್' ಸ್ಫೋಟಿಸಿತು. ಒಂದೇ ಹಡಗಿನಲ್ಲಿ ಹತ್ತಿಯ ಮೂಟೆ, ಮದ್ದುಗುಂಡು ಎರಡೂ ಇದ್ದವು. ಮಧ್ಯಾಹ್ನ ಹತ್ತಿಗೆ ಬೆಂಕಿ, ನಾಲ್ಕು ಗಂಟೆ ದಾಟಿದ ಮೇಲೆ ಸ್ಫೋಟ. ಪ್ರತಿ ವರ್ಷ ಏಪ್ರಿಲ್ 14ರಿಂದ ನಮ್ಮ ಅಗ್ನಿಶಾಮಕ ದಳದವರು ಸಪ್ತಾಹ ಆಚರಿಸುವುದು ಆ ದಿನ ಸತ್ತ ತಮ್ಮವರ ನೆನಪಿಗೆ. ಮೂರು ವರ್ಷ ಬಿಟ್ಟು ಅಮೆರಿಕದ ಟೆಕ್ಸಸ್ ಸಿಟಿಯಲ್ಲಿ ಅಮೋನಿಯಂ ನೈಟ್ರೇಟ್ ಗೊಬ್ಬರದ ಹಡಗಿಗೆ ಬೆಂಕಿ ಬಿತ್ತು. ನೀರು ಹಾಕಿದರೆ ಸರಕು ಹಾಳು ಅಂತ ಹ್ಯಾಚ್ ಮುಚ್ಚಿ ಒಳಗೆ ಹಬೆ ಬಿಟ್ಟರು. ಆ ಗೊಬ್ಬರಕ್ಕೆ ಉರಿಯಲು ಹೊರಗಿನ ಗಾಳಿ ಬೇಕಿಲ್ಲ, ಹಬೆಯಿಂದ ಬಿಸಿ ಏರಿತು ಅಷ್ಟೇ. 581 ಮಂದಿ ಸತ್ತರು. 2020ರಲ್ಲಿ ಬೈರೂತಿನಲ್ಲಿ ಸಿಡಿದದ್ದೂ ಅದೇ ಸರಕು, ವರ್ಷಗಟ್ಟಲೆ ಗೋದಾಮಿನಲ್ಲಿ ಬಿದ್ದಿದ್ದ 2,750 ಟನ್. 2022ರ ಜೂನ್‌ನಲ್ಲಿ ಬಾಂಗ್ಲಾದೇಶದ ಸೀತಾಕುಂಡದ ಕಂಟೇನರ್ ಡಿಪೋದಲ್ಲಿ ಸತ್ತವರಲ್ಲಿ ಬೆಂಕಿ ಆರಿಸಲು ಬಂದವರೇ ಹಲವರು, ಅಲ್ಲಿ ಇದ್ದದ್ದು ಹೈಡ್ರೋಜನ್ ಪೆರಾಕ್ಸೈಡ್. 2025ರ ಜೂನ್‌ನಲ್ಲಿ ಕೇರಳದ ಸಮುದ್ರದಲ್ಲಿ ಹೊತ್ತಿಕೊಂಡ 'ವಾನ್ ಹೈ 503' ಹಡಗಿನಿಂದ ಪಾರಾದ 18 ಮಂದಿಯನ್ನು ತಂದದ್ದು ನಮ್ಮ ಮಂಗಳೂರಿಗೇ.

ಇದರಿಂದ ಮೇಸ್ತ್ರಿಗೆ ಏನು ಪ್ರಯೋಜನ ಅಂತೀರಾ? ನಾಳೆ ನಿಮ್ಮ ಗೋದಾಮಿನಲ್ಲಿ ಒಂದು ಸುತ್ತು ಹಾಕಿ. ಆರು ತಿಂಗಳಿಂದ ಯಾರೂ ಕೇಳದ ಸರಕು ಯಾವುದಿದೆ? ಅದರ ಮೇಲಿನ ಅಪಾಯದ ಗುರುತು ಓದಲು ಬರುವಂತಿದೆಯಾ? ಪಕ್ಕದಲ್ಲಿ ಏನಿಟ್ಟಿದ್ದಾರೆ? ಅಗ್ನಿಶಾಮಕದವರು ಬಂದರೆ ಗೇಟಿನಲ್ಲೇ ಕೊಡಲು ಪಟ್ಟಿ ಇದೆಯಾ? ಈ ನಾಲ್ಕಕ್ಕೆ ಉತ್ತರ ಬರೆದಿಟ್ಟರೆ ಸಾಕು.

ತೂಕದ ಸುಳ್ಳಿನ ಬಗ್ಗೆಯೂ ಒಂದು ಮಾತು. 2007ರಲ್ಲಿ ಇಂಗ್ಲೆಂಡಿನ ದಡಕ್ಕೆ ಹತ್ತಿಸಿದ 'ಎಂಎಸ್‌ಸಿ ನಾಪೋಲಿ' ಹಡಗಿನ ಡೆಕ್ಕಿನ ಮೇಲಿದ್ದ ಕಂಟೇನರ್‌ಗಳನ್ನು ಆಮೇಲೆ ತೂಗಿದರು. ಸುಮಾರು ಐದರಲ್ಲಿ ಒಂದರ ತೂಕ ಕಾಗದದಲ್ಲಿ ಹೇಳಿದ್ದಕ್ಕಿಂತ 3 ಟನ್ನಿಗೂ ಜಾಸ್ತಿ ವ್ಯತ್ಯಾಸ ಇತ್ತು. ತೂಗಿ ದೃಢಪಡಿಸದ ಕಂಟೇನರ್ ಹಡಗು ಹತ್ತುವಂತಿಲ್ಲ ಅನ್ನುವ ನಿಯಮ ಜಾರಿಗೆ ಬಂದದ್ದು 2016ರ ಜುಲೈ 1ಕ್ಕೆ. ಒಂಬತ್ತು ವರ್ಷ ಹಿಡಿಯಿತು.

7. ತಪ್ಪಿಹೋದದ್ದನ್ನೂ ಬರೆಯಿರಿ

ದಿಮ್ಮಿ ಜಾರಿತು, ಯಾರಿಗೂ ತಾಗಲಿಲ್ಲ. 'ದೇವರು ದೊಡ್ಡವನು' ಅಂತ ಕೆಲಸ ಮುಂದುವರಿಯುತ್ತದೆ. ಪೆಟ್ಟು ಬಿದ್ದವನಿಗೂ ತಪ್ಪಿಸಿಕೊಂಡವನಿಗೂ ನಡುವೆ ಇದ್ದದ್ದು ಒಂದು ಅಡಿ ಅಷ್ಟೇ, ಕಾರಣಗಳೆಲ್ಲ ಅವೇ. ಇಂಥದ್ದಕ್ಕೆ ಫಾರಂ ಮಾಡಬೇಡಿ, ಯಾರೂ ತುಂಬುವುದಿಲ್ಲ. ಮೇಸ್ತ್ರಿಯ ಜೇಬಿನಲ್ಲಿ ಒಂದು ಸಣ್ಣ ನೋಟ್‌ಬುಕ್, ಅಥವಾ ಗ್ಯಾಂಗಿನ ವಾಟ್ಸಾಪ್‌ನಲ್ಲಿ ಒಂದು ವಾಯ್ಸ್ ಮೆಸೇಜ್, ಅವರವರ ಭಾಷೆಯಲ್ಲಿ. ಹೇಳಿದವನ ಹೆಸರು ಮೇಲಕ್ಕೆ ಹೋಗಬಾರದು. ಹೇಳಿದ್ದರಲ್ಲಿ ಒಂದನ್ನಾದರೂ ಅದೇ ವಾರ ಸರಿಪಡಿಸಿ, ಎಲ್ಲರ ಮುಂದೆ 'ಇದು ನೀವು ಹೇಳಿದ್ದರಿಂದ ಆಯಿತು' ಅಂತ ತೋರಿಸಿ. ಆಮೇಲೆ ಸುದ್ದಿ ತಾನಾಗಿ ಬರುತ್ತದೆ.

8. ಗ್ಯಾಂಗಿಗೆ ಹೇಳುವುದು

ಶಿಫ್ಟ್ ಶುರುವಿಗೆ ಹತ್ತು ನಿಮಿಷ. ಕಾಗದ ಓದಬೇಡಿ. ಆ ಸ್ಲಿಂಗನ್ನೇ ತಂದು ನೆಲದ ಮೇಲೆ ಹಾಕಿ. ಆ ಗಿಡ್ಡದ್ದು ಒಂದು ಪಕ್ಕ, ಉದ್ದದ್ದು ಇನ್ನೊಂದು ಪಕ್ಕ. ಒಂದು ಅಪಘಾತ, ಒಂದೇ ಬದಲಾವಣೆ, ಅಷ್ಟೇ ಹೇಳಿ. ಹತ್ತು ನಿಯಮ ಹೇಳಿದರೆ ಹತ್ತೂ ಹೋಗುತ್ತವೆ. ಕೊನೆಗೆ ಒಬ್ಬ ಹೊಸ ಹುಡುಗನನ್ನು ಕರೆದು 'ತಮ್ಮಾ, ಲೋಡ್ ತಿರುಗಿದರೆ ನೀನು ಏನು ಮಾಡ್ತಿ?' ಅಂತ ಕೇಳಿ. ಅವನ ಉತ್ತರದಲ್ಲಿ ನಿಮ್ಮ ಹತ್ತು ನಿಮಿಷ ಸಾರ್ಥಕ ಆಯಿತೋ ಇಲ್ಲವೋ ತಿಳಿಯುತ್ತದೆ.

9. ಕಾಗದ, ಮತ್ತು ಮತ್ತೆ ನೋಡುವುದು

ಬಂದರಿನ ಅಪಘಾತವನ್ನು ಒಳಗೊಳಗೇ ಮುಗಿಸುವಂತಿಲ್ಲ. ಡಾಕ್ ಕಾರ್ಮಿಕರ ಸುರಕ್ಷತೆಗೆ 1986ರ ಕಾಯ್ದೆ, 1990ರ ನಿಯಮಾವಳಿ ಇದ್ದವು. ಆ ಕಾಯ್ದೆಯನ್ನು ಒಳಗೊಂಡ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ದೊಡ್ಡ ಬಂದರುಗಳಿಗೆ ಡಾಕ್ ಸೇಫ್ಟಿ ಇನ್‌ಸ್ಪೆಕ್ಟರ್ ಇದ್ದಾರೆ, ಅವರ ಮೇಲೆ ಮುಂಬೈಯ ಡಿಜಿಫಾಸ್ಲಿ, ಅಂದರೆ ಕಾರ್ಮಿಕರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ. ಪೆಟ್ಟಾದಾಗ ಮಾತ್ರ ತಿಳಿಸಿದರೆ ಸಾಲದು. ಕ್ರೇನ್ ಕುಸಿಯುವುದು, ಎತ್ತುವ ಸಾಮಾನು ತುಂಡಾಗುವುದು, ಬೆಂಕಿ, ಇವನ್ನೂ ತಿಳಿಸಬೇಕು. ಯಾವ ನಮೂನೆ, ಎಷ್ಟು ಹೊತ್ತಿನೊಳಗೆ ಅನ್ನುವುದನ್ನು ಬಂದರಿನ ಸುರಕ್ಷತಾ ಅಧಿಕಾರಿಯಿಂದ ಇವತ್ತೇ ಕೇಳಿ ಬರೆದಿಟ್ಟುಕೊಳ್ಳಿ, ಅಪಘಾತ ಆದ ರಾತ್ರಿ ಹುಡುಕಬೇಡಿ. ಪೆಟ್ಟಾದವನ ಪರಿಹಾರದ ಕಾಗದಕ್ಕೂ ಇದೇ ವರದಿ ಆಧಾರ. ಅದರಲ್ಲಿ 'ಅವನದೇ ತಪ್ಪು' ಅಂತ ಸುಮ್ನೆ ಗೀಚಿದರೆ ಅವನ ಮನೆಯವರು ವರ್ಷಗಟ್ಟಲೆ ಅಲೆಯಬೇಕಾಗುತ್ತದೆ.

ಇನ್ನುಳಿದದ್ದು ಮತ್ತೆ ನೋಡುವ ಕೆಲಸ. ಒಂದು ತಿಂಗಳು ಬಿಟ್ಟು, ಹೇಳದೆ ಕೇಳದೆ, ಮಳೆ ಬರುವ ರಾತ್ರಿ ಎರಡೂವರೆಗೆ ಎರಡನೇ ಹ್ಯಾಚಿಗೆ ಹೋಗಿ. ಪೆಟ್ಟಿಗೆ ತೆರೆದು ನೋಡಿ, ಹಗ್ಗ ಇದೆಯಾ? ಇದ್ದರೆ ಒದ್ದೆಯಾಗಿದೆಯಾ, ಅಥವಾ ಅಂಗಡಿಯಿಂದ ತಂದ ಹಾಗೇ ಮಡಚಿ ಇದೆಯಾ? ಕಟ್ಟಿನಲ್ಲಿ ದಿಮ್ಮಿ ಮೂರಾ, ಐದಾ? ಐದಿದ್ದರೆ ಬೈಯಬೇಡಿ, ಮೂರು ಹಾಕಲು ಏನು ಅಡ್ಡಿ ಬಂತು ಅಂತ ಕೇಳಿ, ಹಾಳೆ ಮತ್ತೆ ಬಿಡಿಸಿ ಅಲ್ಲಿಂದಲೇ ಬರೆಯಿರಿ. ಆಮೇಲೆ ಆರು ತಿಂಗಳಿಗೆ ಒಮ್ಮೆ. ಕಾಂಟ್ರಾಕ್ಟ್ ಬದಲಾಗಿ ಹೊಸ ಕಂಪನಿ ಬಂದರೆ ಈ ಫೈಲು, ಚಿತ್ರಗಳು, ನೋಟ್‌ಬುಕ್ ಎಲ್ಲವನ್ನೂ ಸಹಿ ಹಾಕಿಸಿಕೊಂಡು ಅವರ ಕೈಗೆ ಕೊಡಿ, ಒಂದು ಪ್ರತಿ ಬಂದರಿನ ಸುರಕ್ಷತಾ ಸಮಿತಿಗೆ.